ಬಹುವಚನದಲ್ಲಿ ಗಂಜಿ ಇಳಿಯಲ್ಲ

ವಯಸ್ಸಾದವರನ್ನು ಅವರವರ ಮನೆಗೇ ಹೋಗಿ ನೋಡಿಕೊಳ್ಳುವ ಕೆಲಸ ಜವರಮ್ಮನದು. ಆ ಕೆಲಸ ನೆಟ್ಟಗೆ ನಡೆಯುತ್ತಿದೆಯೇ ಎಂದು ತಪಾಸಣೆಗೆ ಪಟ್ಟಾಭಿರಾಮಯ್ಯ ಸಾಹೇಬರು ಬಂದರು. ಬಾಗಿಲಲ್ಲೇ ಅವರ ಕಿವಿಗೆ ಬಿದ್ದದ್ದು ನಂಜಮ್ಮಣ್ಣಿ ಅಜ್ಜಿಯ ಬೈಗುಳ: "ಲೇ ಕತ್ತೆ! ಗಂಜಿ ತರೋಕೆ ಊರೆಲ್ಲಾ ಸುತ್ತಿ ಬರ್ತೀಯೇನೇ?"

ಸಾಹೇಬರು ಹುಬ್ಬು ಗಂಟಿಕ್ಕಿದರು. "ಅಜ್ಜಿಗೆ ನಿನ್ನನ್ನು ಕಂಡರೇ ಆಗೋದಿಲ್ಲ. ನಾಳೆಯಿಂದ ನೀನು ಬರಬೇಡ, ಬೇರೆಯವರನ್ನು ಕಳಿಸ್ತೀವಿ."

ಜವರಮ್ಮ ಗಂಜಿಯ ಬಟ್ಟಲನ್ನು ಸಾಹೇಬರ ಮುಂದೆ ಹಿಡಿದಳು. "ಆಗಲಿ ಸಾರ್. ಅಜ್ಜಿ ಹಸಿದಿದ್ದಾರೆ, ಈ ಗಂಜಿಯೊಂದನ್ನು ನೀವೇ ಕುಡಿಸಿಬಿಡಿ. ನಿಮ್ಮನ್ನಾದರೆ ಬೈಯಲ್ಲ."

ಬೈಯಲೂ ಇಲ್ಲ. ಅಜ್ಜಿ ಸೆರಗು ಸರಿಮಾಡಿಕೊಂಡು ಕೈಮುಗಿದರು. "ತಾವು ದೊಡ್ಡವರು. ತಮಗ್ಯಾಕೆ ತೊಂದರೆ? ನನಗೆ ಹಸಿವೇ ಇಲ್ಲ." ಚಮಚ ಹತ್ತಿರ ಬಂದಷ್ಟೂ ತುಟಿ ಬಿಗಿಯಾಯಿತು. ಗಂಜಿ ಆರಿತು. ಸಾಹೇಬರು ಬೆವರಿದರು.

ಜವರಮ್ಮ ಬಟ್ಟಲು ಇಸ್ಕೊಂಡಳು. "ಎಲ್ಲಿ ಹಾಳಾಗಿ ಹೋಗಿದ್ದೆಯೇ?" ಎನ್ನುತ್ತಲೇ ಅಜ್ಜಿ ಬಾಯಿ ತೆರೆದರು. ಬಟ್ಟಲು ಬರಿದಾಯಿತು.

"ನೋಡಿ ಸಾರ್," ಎಂದಳು ಜವರಮ್ಮ ತಲೆಯೆತ್ತಿ, "ಅಜ್ಜಿ ಬಹುವಚನ ಕೊಡೋದು ಹೊರಗಿನವರಿಗೆ. ಏಕವಚನ ಮನೆಯವರಿಗೆ. ಅದನ್ನು ನಾನು ದುಡಿದು ಸಂಪಾದಿಸಿದ್ದೀನಿ."

ಸಾಹೇಬರು ಅಜ್ಜಿಯ ಗಲ್ಲಕ್ಕೆ ಅಂಟಿದ್ದ ಗಂಜಿಯನ್ನು ತಮ್ಮ ಕರ್ಚೀಫಿನಿಂದ ಒರೆಸಲು ಬಗ್ಗಿದರು.

"ಲೋ, ಮೆತ್ತಗೆ ಒರೆಸೋ!" ಎಂದರು ಅಜ್ಜಿ.

ಪಟ್ಟಾಭಿರಾಮಯ್ಯ ಎದೆಯುಬ್ಬಿಸಿ ಜವರಮ್ಮನತ್ತ ತಿರುಗಿದರು. "ಕೇಳಿಸ್ತೇನಮ್ಮಾ? ನನಗೂ 'ಲೋ' ಅಂದ್ರು!"