ಮರಕುಟಿಗ ಬಂದ ಮರ

ಒಂದು ಕಾಡಿನಲ್ಲಿ ಎಲ್ಲರಿಗೂ ಸುಸ್ತಾಗಿತ್ತು, ಆದರೆ ಯಾರೂ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕಾಲಿಗೆ ಮುಳ್ಳು ಚುಚ್ಚಿದರೆ ಕಾಡೆಲ್ಲ ಕೇಳುವ ಹಾಗೆ ಅಳಬಹುದಿತ್ತು. ಹೊಟ್ಟೆ ನೋವು ಬಂದರೆ ಹತ್ತು ಜನ ಬಂದು ಮದ್ದು ಹೇಳುತ್ತಿದ್ದರು. ಮನಸ್ಸಿಗೆ ಹುಷಾರಿಲ್ಲದಿದ್ದರೆ ಮಾತ್ರ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಈ ಕಟ್ಟಳೆ ಮಾಡಿದವರು ಯಾರೋ ಗೊತ್ತಿಲ್ಲ. ಪಾಲಿಸುವುದರಲ್ಲಿ ಮಾತ್ರ ಯಾರೂ ಹಿಂದೆ ಬಿದ್ದಿರಲಿಲ್ಲ.

ಆ ಕಾಡಿನಲ್ಲಿ ಕುಟ್ಟಪ್ಪ ಎಂಬ ಮರಕುಟಿಗ ಇದ್ದ. ಮರವನ್ನು ಕೊಕ್ಕಿನಿಂದ ಕುಟ್ಟುವುದು, ಕಿವಿಗೊಟ್ಟು ಕೇಳುವುದು, ಒಳಗೆ ಹುಳ ಇದ್ದರೆ ತೆಗೆಯುವುದು ಅವನ ಕೆಲಸ. ಮರದಲ್ಲಿ ಇದ್ದವರ ಸಂಕಟವನ್ನೂ ಅವನು ಹಾಗೆಯೇ ಕಿವಿಗೊಟ್ಟು ಕೇಳಬಲ್ಲವನಾಗಿದ್ದ. ಅದಕ್ಕೆ ಬೇಕಾದ ಮದ್ದೂ ಅವನಿಗೆ ಗೊತ್ತಿತ್ತು. ಆದರೆ ಅವನನ್ನು ಯಾರೂ ಕರೆಯುತ್ತಿರಲಿಲ್ಲ. ಅವನು ಒಂದು ಮರದ ಮೇಲೆ ಕೂತರೆ ಸಾಕು, "ಆ ಮರಕ್ಕೆ ಹುಳ ಬಿದ್ದಿದೆಯಂತೆ" ಎಂದು ಸುದ್ದಿ ಹಬ್ಬುತ್ತಿತ್ತು. ಆಮೇಲೆ ಆ ಮರದ ಹಕ್ಕಿಗಳಿಗೆ ಯಾರೂ ಹೆಣ್ಣು ಕೊಡುತ್ತಿರಲಿಲ್ಲ, ಅಲ್ಲಿಂದ ಹೆಣ್ಣು ತರುತ್ತಲೂ ಇರಲಿಲ್ಲ. ಹಾಗಾಗಿ ಕುಟ್ಟಪ್ಪ ಹತ್ತಿರ ಬಂದರೆ ಎಲ್ಲರೂ ರೆಕ್ಕೆ ಬಡಿದು ಓಡಿಸುತ್ತಿದ್ದರು. ಹುಳ ಬೇಕಾದರೆ ಇರಲಿ, ಮರದ ಹೆಸರು ಕೆಡಬಾರದು! ಇದು ಅವರ ಲೆಕ್ಕಾಚಾರ.

ಅದೇ ಕಾಡಿನ ಒಂದು ಎತ್ತರದ ತಾರೆ ಮರದಲ್ಲಿ ಮಂಗಟ್ಟೆ ಹಕ್ಕಿಗಳ ಸಂಸಾರವಿತ್ತು. ಗಂಡನ ಹೆಸರು ದೂಮ. ಹೆಂಡತಿಯ ಹೆಸರು ಬೆಳ್ಳಿ. ಉದ್ದನೆಯ ದಪ್ಪ ಕೊಕ್ಕಿನ ಈ ಹಕ್ಕಿಗಳದು ಒಂದು ವಿಚಿತ್ರ ಪದ್ಧತಿ. ಮೊಟ್ಟೆ ಇಡುವ ಕಾಲ ಬಂದಾಗ ಹೆಣ್ಣು ಹಕ್ಕಿ ಮರದ ಪೊಟರೆಯೊಳಗೆ ಹೋಗಿ ಕೂರುತ್ತದೆ. ಗಂಡ ತಂದುಕೊಟ್ಟ ಮಣ್ಣನ್ನು ಒಳಗಿನಿಂದ ತಾನೇ ಬಾಗಿಲಿಗೆ ಮೆತ್ತಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಒಂದು ಸೀಳು ಮಾತ್ರ ಉಳಿಯುತ್ತದೆ. ಒಳಗೆ ಅದರ ರೆಕ್ಕೆಯ ಗರಿಗಳೆಲ್ಲ ಉದುರಿಹೋಗುತ್ತವೆ. ಮರಿ ದೊಡ್ಡದಾಗುವವರೆಗೆ ಹಾರುವಂತಿಲ್ಲ, ಹೊರಗೆ ಬರುವಂತಿಲ್ಲ. ಗಂಡ ತಂದ ಹಣ್ಣನ್ನು ಸೀಳಿನಿಂದ ಈಸಿಕೊಂಡು ತಿನ್ನಬೇಕು. ಕಾಡಿನವರಿಗೆ ಇದೊಂದು ದೊಡ್ಡ ಸಂಭ್ರಮ. ಒಳಗೆ ಕೂತವಳಿಗೆ ಹೇಗಿರುತ್ತದೆ ಎಂದು ಯಾರೂ ಕೇಳಿರಲಿಲ್ಲ.

ಬೆಳ್ಳಿಗೆ ಒಂದು ಮರಿ ಹುಟ್ಟಿತು. ಕಾಡಿನ ಹಕ್ಕಿಗಳೆಲ್ಲ ಬಂದು, "ಮರಿ ಯಾರ ಹಾಗಿದೆ? ಅಪ್ಪನ ಹಾಗೋ ಅಮ್ಮನ ಹಾಗೋ?" ಎಂದು ಕೇಳಿ ಹೋದವು. ಅವು ಹೋದ ಮೇಲೆ ಬೆಳ್ಳಿ ಗೋಡೆಯ ಕಡೆ ಮುಖ ಮಾಡಿ ಕೂತಳು. ಮಾರನೆಯ ದಿನವೂ ಹಾಗೇ ಕೂತಿದ್ದಳು. ಹಣ್ಣು ಸೇರಲಿಲ್ಲ. ಕಣ್ಣು ಮುಚ್ಚಿದರೆ ನಿದ್ದೆ ಬರಲಿಲ್ಲ. ಮರಿ ಬಾಯಿ ತೆರೆದು ಕೂಗಿದರೆ, ಯಾರದೋ ಮರಿ ಕೂಗಿದ ಹಾಗೆ ಕೇಳಿಸುತ್ತಿತ್ತು. ಮೊದಮೊದಲು ಅಳುತ್ತಿದ್ದಳು. ಆಮೇಲೆ ಅಳುವುದಕ್ಕೂ ಬೇಜಾರಾಯಿತು.

"ಬೆಳ್ಳಿ, ತಿನ್ನೇ. ಮರಿಗಾದರೂ ಕೊಡು" ಎಂದ ದೂಮ, ಅತ್ತಿ ಹಣ್ಣನ್ನು ಸೀಳಿನೊಳಗೆ ಚಾಚಿ.

"ಹೂಂ."

"ಏನಾಗಿದೆ ನಿಂಗೆ?"

"ಏನಿಲ್ಲ. ಸುಸ್ತು."

"ಮರಿ ಹುಟ್ಟಿದೆ. ಖುಷಿಯಾಗಿರಬೇಕು ತಾನೇ?"

ಬೆಳ್ಳಿ ಮತ್ತೆ ಗೋಡೆಯ ಕಡೆ ತಿರುಗಿದಳು. ಖುಷಿಯಾಗಿರಬೇಕು ಎಂದು ಅವಳಿಗೂ ಗೊತ್ತಿತ್ತು. ಅದೇ ಅವಳನ್ನು ಹಗಲೂ ರಾತ್ರಿ ಕೊರೆಯುತ್ತಿತ್ತು.

ಆ ಮರದ ಬುಡದಲ್ಲಿ ಒಂದು ಮರಬೆಕ್ಕು ವಾಸವಾಗಿದ್ದ. ಬಹಳ ನಯವಾದ ಮಾತಿನವನು. "ವಯಸ್ಸಾಯ್ತಪ್ಪ. ಮಾಂಸ ಬಿಟ್ಟುಬಿಟ್ಟಿದ್ದೀನಿ. ಈಗೇನಿದ್ದರೂ ಹಣ್ಣು ಹಂಪಲು" ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ. ಮಾಂಸ ಬಿಟ್ಟದ್ದು ನಿಜವೇ. ಸಿಗದೇ ಇದ್ದದ್ದರಿಂದ ಬಿಟ್ಟಿದ್ದ. ಹಕ್ಕಿಗಳು ಅವನನ್ನು 'ಮಾವ' ಎಂದು ಕರೆದು, ಕಷ್ಟ ಬಂದಾಗ ಬುದ್ಧಿಮಾತು ಕೇಳುತ್ತಿದ್ದವು.

ಮೇಲಿನ ಪೊಟರೆಯಿಂದ ಒಣಮಣ್ಣು ಉದುರುತ್ತಿರುವುದನ್ನು ಮರಬೆಕ್ಕು ಗಮನಿಸಿದ. ಗೋಡೆ ಬಿರುಕು ಬಿಟ್ಟರೆ ತಾಯಿಹಕ್ಕಿ ಕೂಡಲೇ ಸರಿಮಾಡುತ್ತದೆ. ಇವಳು ಮಾಡುತ್ತಿಲ್ಲ. ಮಂಗಟ್ಟೆಯ ಕೊಕ್ಕೆಂದರೆ ಅವನಿಗೆ ಜೀವಭಯ. ಆದರೆ ಕೊಕ್ಕು ಎತ್ತುವ ಶಕ್ತಿಯೇ ತಾಯಿಗೆ ಇಲ್ಲದಿದ್ದರೆ? ಅವನ ಬಾಯಲ್ಲಿ ನೀರೂರಿತು.

ಸಂಜೆ ದೂಮ ಮರಕ್ಕೆ ಬಂದಾಗ ಮರಬೆಕ್ಕು ಮಾತಿಗೆ ಎಳೆದ.

"ಯಾಕೋ ದೂಮ, ಸೊರಗಿಹೋಗಿದ್ದೀಯ?"

"ಬೆಳ್ಳಿಗೆ ಹುಷಾರಿಲ್ಲ ಮಾವ. ಏನು ಅಂತ ಗೊತ್ತಾಗ್ತಿಲ್ಲ. ಕುಟ್ಟಪ್ಪನನ್ನ ಕರೆಸಲಾ ಅಂತ ಯೋಚನೆ."

"ಅಯ್ಯಯ್ಯೋ! ಮರಕುಟಿಗನನ್ನಾ? ನಿನ್ನ ಮರಕ್ಕಾ?" ಮರಬೆಕ್ಕು ಎದೆಯ ಮೇಲೆ ಕೈ ಇಟ್ಟುಕೊಂಡ. "ನಾಳೆ ಕಾಡೆಲ್ಲ ಏನನ್ನುತ್ತೆ? ದೂಮನ ಹೆಂಡತಿಗೆ ತಲೆ ಕೆಟ್ಟಿದೆ ಅನ್ನುತ್ತೆ. ನಿನ್ನ ತಂಗಿಗೆ ಹಳ್ಳದ ಆಚೆ ಸಂಬಂಧ ನೋಡಿದ್ದೀಯಲ್ಲ, ಅವರು ಸುಮ್ಮನಿರ್ತಾರಾ?"

ದೂಮ ತಲೆ ತಗ್ಗಿಸಿದ.

"ಇದೆಲ್ಲ ಬಾಣಂತಿಯರ ಸೋಮಾರಿತನ ಕಣೋ. ಧೈರ್ಯ ಹೇಳು, ಸರಿಹೋಗ್ತಾಳೆ. ಮೊನ್ನೆ ಅವಳು ಅತ್ತದ್ದು ಹೊರಗೆ ಕೇಳಿಸಿತ್ತು ನೋಡು. ಆ ಸೀಳನ್ನ ಇನ್ನೊಂದಿಷ್ಟು ಮುಚ್ಚು. ಯಾರಿಗೂ ಗೊತ್ತಾಗಬಾರದು. ಅದು ಮುಖ್ಯ."

ಹೊರಗಿನಿಂದ ಮೆತ್ತಿದ ಮಣ್ಣು ಉಗುರಿನಿಂದ ಕೆರೆದರೆ ಉದುರುತ್ತದೆ ಎಂದು ಮರಬೆಕ್ಕಿಗೆ ಗೊತ್ತಿತ್ತು. ಒಳಗಿನವಳು ಪೂರ್ತಿ ಸೋಲುವುದೊಂದೇ ಅವನಿಗೆ ಬೇಕಾಗಿತ್ತು.

ದೂಮ ಹಳ್ಳದಿಂದ ಹಸಿಮಣ್ಣು ತಂದು ಸೀಳಿನ ಸುತ್ತ ಮೆತ್ತಿದ. ಪೊಟರೆಯೊಳಗೆ ಇದ್ದ ಒಂದಿಷ್ಟು ಬೆಳಕೂ ಕಡಿಮೆಯಾಯಿತು. ಬೆಳ್ಳಿ ನೋಡಿದಳು. ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು, ಆದರೆ ಕೇಳುವುದಕ್ಕೂ ತ್ರಾಣ ಬೇಕಲ್ಲ.

ಇತ್ತ ದೂಮನೂ ಬಸವಳಿದ. ಹಣ್ಣು ಹುಡುಕಬೇಕು, ಹೊತ್ತು ತರಬೇಕು, ಸಿಕ್ಕವರಿಗೆಲ್ಲ "ಬೆಳ್ಳಿ ಆರಾಮಾಗಿದ್ದಾಳೆ" ಎಂದು ನಗುತ್ತಾ ಹೇಳಬೇಕು. ಹಣ್ಣಿಗಿಂತ ಆ ನಗುವೇ ಭಾರವಾಗಿತ್ತು. ಒಂದು ಮಧ್ಯಾಹ್ನ ಅವನ ಕೊಕ್ಕಿನಿಂದ ಅತ್ತಿ ಹಣ್ಣು ಜಾರಿ ಬಿತ್ತು. ಎತ್ತಿಕೊಳ್ಳಲು ಹೋಗದೆ ಕೊಂಬೆಯ ಮೇಲೆ ಹಾಗೇ ಕುಸಿದು ಕೂತ.

ಪಕ್ಕದ ಮತ್ತಿ ಮರದಿಂದ ಕುಟ್ಟಪ್ಪ ಇದನ್ನು ನೋಡಿದ.

"ದೂಮಣ್ಣ, ಬರಲಾ?"

"ಬೇಡ, ಬೇಡ! ನಮ್ಮ ಮರದಲ್ಲಿ ಹುಳ ಇಲ್ಲ."

"ಹುಳ ಇದೆ ಅಂತ ನಾನೆಲ್ಲಿ ಅಂದೆ? ನಿಮ್ಮ ಮುಖ ನೋಡಿ ಕೇಳಿದೆ."

ದೂಮ ಮುಖ ತಿರುಗಿಸಿಕೊಂಡು ಹಾರಿಹೋದ. ಬೇರೆ ಹಣ್ಣು ಹುಡುಕಿ ತಂದು ಸೀಳಿನ ಹತ್ತಿರ ಬಂದಾಗ, ಒಳಗಿನಿಂದ ಬೆಳ್ಳಿಯ ದನಿ ಕೇಳಿಸಿತು. ಎಷ್ಟೋ ದಿನಗಳ ನಂತರ ಅವಳಾಗಿ ಆಡಿದ ಮಾತು ಅದು.

"ನೋಡಿ, ಮರಿಗೆ ನಾನು ಬೇಡ ಅನಿಸುತ್ತೆ. ನಾನು ಇಲ್ಲದಿದ್ದರೇ ಅದಕ್ಕೆ ಒಳ್ಳೆಯದು."

ದೂಮ ಹಣ್ಣನ್ನು ಅಲ್ಲೇ ಇಟ್ಟು ಮತ್ತಿ ಮರಕ್ಕೆ ಹಾರಿದ.

"ಕುಟ್ಟಪ್ಪ, ಬಾರಪ್ಪ. ಆದರೆ ಯಾರೂ ನೋಡದ ಹೊತ್ತಿನಲ್ಲಿ ಬಾ. ಸದ್ದು ಮಾಡಬೇಡ."

"ಬರ್ತೀನಿ ಅಣ್ಣ. ಆದರೆ ಕುಟ್ಟಿದರೆ ಸದ್ದಾಗುತ್ತೆ. ಕದ್ದು ಕುಟ್ಟೋದಕ್ಕೆ ನನಗೆ ಬರಲ್ಲ."

ದೂಮನಿಗೆ ತಂಗಿಯ ಮದುವೆ ನೆನಪಾಯಿತು, ಮಾವನ ಮಾತು ನೆನಪಾಯಿತು. ಬೆಳ್ಳಿ ಈಗಷ್ಟೇ ಹೇಳಿದ್ದು ಅವೆಲ್ಲಕ್ಕಿಂತ ಜೋರಾಗಿ ಕೇಳಿಸಿತು.

"ಆಗಲಿ. ಈಗಲೇ ಬಾ."

ಟಕ್, ಟಕ್, ಟಕ್! ನಡುಹಗಲಿನಲ್ಲಿ ಕಾಡೆಲ್ಲ ಕೇಳಿಸಿತು. ಗಿಳಿಗಳು ಬಂದವು, ಗೊರವಂಕಗಳು ಬಂದವು. "ತಾರೆ ಮರಕ್ಕೂ ಹುಳ ಬಿತ್ತಂತೆ!" ಎಂದು ಪಿಸುಗುಟ್ಟಿದವು. ದೂಮನಿಗೆ ನಾಚಿಕೆಯಾಯಿತು. ಆದರೂ ಕುಟ್ಟಪ್ಪನ ಪಕ್ಕ ಬಿಟ್ಟು ಕದಲಲಿಲ್ಲ.

ಕುಟ್ಟಪ್ಪ ದೂಮ ಮೆತ್ತಿದ ಮಣ್ಣನ್ನೆಲ್ಲ ಕುಟ್ಟಿ ಕೆಡವಿದ. ಸೀಳು ಮೊದಲಿಗಿಂತ ತುಸು ಅಗಲವಾಯಿತು. ಪೊಟರೆಯೊಳಗೆ ಬಿಸಿಲು ಬಿತ್ತು.

"ಬೆಳ್ಳಕ್ಕ, ನಾನು ಕುಟ್ಟಪ್ಪ. ಈಗಲೇ ಏನೂ ಹೇಳಬೇಕಾಗಿಲ್ಲ. ನಾನು ಇಲ್ಲೇ ಕೂತಿರ್ತೀನಿ."

ಬಿಸಿಲು ಇಳಿಯುವ ಹೊತ್ತಿಗೆ ಬೆಳ್ಳಿ ಮಾತಾಡಿದಳು.

"ಮರಿ ಬಾಯಿ ತೆರೆದರೆ ನನಗೆ ಏನೂ ಅನಿಸಲ್ಲ ಕುಟ್ಟಪ್ಪ. ನಾನು ಕೆಟ್ಟ ತಾಯಿ."

"ಕೆಟ್ಟ ತಾಯಿ ಆಗಿದ್ರೆ ಇಷ್ಟು ಸಂಕಟ ಪಡ್ತಾ ಇರಲಿಲ್ಲ. ನಿಮಗೆ ಹುಷಾರಿಲ್ಲ ಅಕ್ಕ. ಇದೂ ಒಂದು ಕಾಯಿಲೆ. ಎಷ್ಟೋ ಬಾಣಂತಿಯರಿಗೆ ಬರುತ್ತೆ. ವಾಸಿಯೂ ಆಗುತ್ತೆ."

"ತಲೆ ಕೆಟ್ಟಿದೆ ಅಂತಾರಲ್ಲ?"

"ಕಾಲು ಉಳುಕಿದವರನ್ನ ಯಾರಾದರೂ ಹಾಗೆ ಬೈತಾರಾ? ಅನ್ನೋರು ಅನ್ನಲಿ. ನೀವು ನನ್ನ ಹತ್ತಿರ ದಿನಾ ಮಾತಾಡಿ."

ಹೊರಗೆ ಕೂತಿದ್ದ ದೂಮನ ಕಣ್ಣಲ್ಲಿ ನೀರು ಬಂತು. "ಸೀಳು ಮುಚ್ಚಿದ್ದು ನಾನೇ" ಎಂದ.

"ಈಗ ತೆಗೆದಿದ್ದೀವಲ್ಲ ಅಣ್ಣ. ಇನ್ನು ಮುಂದಿನ ಕೆಲಸ ನೋಡೋಣ."

ಕುಟ್ಟಪ್ಪ ಒಂದು ಕಹಿ ತೊಗಟೆ ತಂದುಕೊಟ್ಟ. ದಿನಾ ಅಗಿಯಬೇಕು, ಸ್ವಲ್ಪ ಹಗುರಾಯಿತೆಂದು ನಡುವೆ ಬಿಡಬಾರದು ಎಂದ. ಮರಿಗೆ ಹಣ್ಣು ತಿನ್ನಿಸುವ ಕೆಲಸವನ್ನು ದೂಮನಿಗೆ ಒಪ್ಪಿಸಿ, ಬೆಳ್ಳಿ ಮಲಗಲಿ ಎಂದ. ಒಬ್ಬಳೇ ಇರಬಾರದು, ಯಾರಾದರೂ ಜೊತೆಗೆ ಕೂರಬೇಕು ಎಂದ. ದೂಮನ ತಂಗಿ ಬಂದು ಕೂತಳು. ಹಳ್ಳದ ಆಚೆಯವರು ಸುದ್ದಿ ಕೇಳಿ ಸಂಬಂಧ ಮುರಿದುಕೊಂಡಿದ್ದರು. ದೂಮ ತಂಗಿಯ ಮುಖ ನೋಡಲಾರದೆ ಒದ್ದಾಡಿದ.

"ಬಿಡಣ್ಣ" ಎಂದಳು ಅವಳು. "ನಾಳೆ ನನಗೇ ಹೀಗಾದರೆ ಅವರು ಏನು ಮಾಡ್ತಿದ್ದರು? ತಪ್ಪಿದ್ದೇ ಒಳ್ಳೆಯದಾಯ್ತು."

ಮಾರನೆಯ ದಿನವೇ ಬೆಳ್ಳಿ ಎದ್ದು ನಕ್ಕಳೇ? ಇಲ್ಲ. ಮನಸ್ಸು ಅಷ್ಟು ಬೇಗ ಮಾತು ಕೇಳುವುದಿಲ್ಲ. ಒಂದು ದಿನ ಎರಡು ಹಣ್ಣು ತಿಂದಳು, ಇನ್ನೊಂದು ದಿನ ಒಂದೂ ತಿನ್ನಲಿಲ್ಲ. ಒಂದು ದಿನ ಕುಟ್ಟಪ್ಪನ ಜೊತೆ ಮಾತಾಡಿದಳು, ಇನ್ನೊಂದು ದಿನ ಗೋಡೆ ನೋಡುತ್ತಾ ಕೂತಳು. ಕುಟ್ಟಪ್ಪ ಎರಡೂ ದಿನ ಬಂದ. ಬರುಬರುತ್ತಾ ಬೆಳ್ಳಿಗೆ ನಿದ್ದೆ ಹತ್ತತೊಡಗಿತು.

ಮರಬೆಕ್ಕಿಗೆ ಕಳವಳವಾಯಿತು. ಇವಳು ಹುಷಾರಾದರೆ ತನ್ನ ಊಟ ತಪ್ಪುತ್ತದೆ. ಸೀಳು ಈಗ ತನ್ನ ಕೈ ತೂರುವಷ್ಟು ಅಗಲವಾಗಿದೆ. ಇನ್ನು ಕಾಯುವುದು ಬೇಡ ಎಂದುಕೊಂಡ. ಒಂದು ಸಂಜೆ ಹಣ್ಣು ಸಾಲದೆ ದೂಮನ ಜೊತೆ ಅವನ ತಂಗಿಯೂ ಸ್ವಲ್ಪ ಹೊತ್ತಿಗೆಂದು ಹೋದದ್ದನ್ನು ನೋಡಿ ಮೆಲ್ಲಗೆ ಮರ ಹತ್ತಿದ.

"ಬೆಳ್ಳಿ, ಮಲಗಿದ್ದೀಯೇನಮ್ಮ? ಮಲಗು, ಮಲಗು. ನಿನಗೆ ಮರಿ ಬೇಡವಂತಲ್ಲ. ಪಾಪ, ಅದನ್ನ ನನಗೆ ಕೊಡು. ನಾನು ಸಾಕಿಕೊಳ್ತೀನಿ."

ಹೀಗೆನ್ನುತ್ತಾ ಕೈಯನ್ನು ಒಳಗೆ ತೂರಿಸಿದ. ಉಗುರು ತಾಗಿ ಮರಿ ಚೀರಿತು.

ಬೆಳ್ಳಿಗೆ ಎಷ್ಟೋ ದಿನಗಳಿಂದ ಏನೂ ಅನಿಸಿರಲಿಲ್ಲ. ಈಗ ಸಿಟ್ಟು ಬಂತು. ಅವಳ ರೆಕ್ಕೆಯಲ್ಲಿ ಗರಿ ಇರಲಿಲ್ಲ, ಮೈಯಲ್ಲಿ ಮಾಂಸ ಇರಲಿಲ್ಲ. ಕೊಕ್ಕು ಮಾತ್ರ ಇತ್ತು. ಆ ಕೊಕ್ಕಿನಿಂದ ಮರಬೆಕ್ಕಿನ ಕೈಯನ್ನು ಕಚ್ಚಿ ಹಿಡಿದಳು. ಬಿಡಲಿಲ್ಲ.

"ಅಯ್ಯೋ! ಸತ್ತೆ! ಬನ್ನಿ, ಯಾರಾದರೂ ಬನ್ನಿ! ಕಾಪಾಡಿ!"

ಇಡೀ ಕಾಡು ಓಡಿ ಬಂತು. ಮಾವನ ಕೈ ಎಲ್ಲಿದೆ ಎಂದು ಎಲ್ಲರೂ ಕಣ್ಣಾರೆ ಕಂಡರು. ಹಣ್ಣು ಹಂಪಲಿನ ಕಥೆ ಅಲ್ಲಿಗೆ ಮುಗಿಯಿತು.

"ಮೆಲ್ಲಗೆ ಮಾವ" ಎಂದ ಆಗಷ್ಟೇ ಬಂದಿಳಿದ ದೂಮ. "ಯಾರಿಗಾದರೂ ಗೊತ್ತಾದರೆ?"

ಬೆಳ್ಳಿ ಕೊಕ್ಕು ಸಡಿಲಿಸಿದಳು. ಮರಬೆಕ್ಕು ಕೊಂಬೆಯಿಂದ ಕೊಂಬೆಗೆ ಬಡಿದುಕೊಂಡು ದೊಪ್ಪನೆ ನೆಲಕ್ಕೆ ಬಿದ್ದ. ಕುಂಟುತ್ತಾ ಹಳ್ಳ ದಾಟಿ ಹೋದವನು ಈ ಕಡೆ ಮತ್ತೆ ತಲೆ ಹಾಕಲಿಲ್ಲ.

ಮರಿಯನ್ನು ಮೈಗೆ ಒತ್ತಿಕೊಂಡು ಕೂತ ಬೆಳ್ಳಿಗೆ ಅಳು ಬಂತು. ಹಕ್ಕಿಗಳೆಲ್ಲ ಕೇಳುವ ಹಾಗೆ ಅತ್ತಳು. ದೂಮ ಅವಳನ್ನು ಸುಮ್ಮನಿರು ಎನ್ನಲಿಲ್ಲ. ಬಂದವರು ಒಬ್ಬೊಬ್ಬರಾಗಿ ಹೊರಟರು. ಒಂದು ಮುದಿ ಗೊರವಂಕ ಮಾತ್ರ ಉಳಿಯಿತು. ಕುಟ್ಟಪ್ಪನನ್ನು ಕಂಡರೆ ಎಲ್ಲರಿಗಿಂತ ಮೊದಲು ರೆಕ್ಕೆ ಬಡಿದು ಓಡಿಸುತ್ತಿದ್ದದ್ದು ಅದೇ.

"ಕುಟ್ಟಪ್ಪ, ನಮ್ಮ ಯಜಮಾನರು ಹೋದಾಗಿನಿಂದ ನನಗೂ ನಿದ್ದೆ ಇಲ್ಲಪ್ಪ" ಎಂದಿತು ಗೊರವಂಕ. "ನಾಳೆ ನಮ್ಮ ಮರಕ್ಕೆ ಬರ್ತೀಯಾ?"

ಅಲ್ಲಿಂದ ಮುಂದೆ ಕುಟ್ಟಪ್ಪನಿಗೆ ಕೈತುಂಬ ಕೆಲಸ. ಗಿಳಿಗಳು ಕರೆದವು, ಪಾರಿವಾಳಗಳು ಕರೆದವು. ಹಳ್ಳದ ಆಚೆಯಿಂದಲೂ ಒಂದು ದಿನ ಕರೆ ಬಂತು. ಟಕ್ ಟಕ್ ಸದ್ದು ಕೇಳಿಸಿದರೆ, "ಯಾರಿಗೋ ಹುಷಾರಾಗ್ತಿದೆ" ಎಂದು ಹೇಳುವ ರೂಢಿಯೂ ಮೆಲ್ಲಗೆ ಬಂತು. ಹಳೆಯ ಮಾತು ಆಡುವವರೂ ಇದ್ದರು. ಇದ್ದೇ ಇರುತ್ತಾರೆ.

ಕಾಲ ಕೂಡಿ ಬಂದಾಗ ಬೆಳ್ಳಿ ಒಳಗಿನಿಂದ ಗೋಡೆ ಒಡೆದಳು. ಹೊಸ ಗರಿ ಬಂದಿದ್ದರೂ ಅವಳು ಕೂಡಲೇ ಹಾರಲಿಲ್ಲ. ಕೊಂಬೆಯ ಮೇಲೆ ಕೂತು ಗಾಳಿ ಕುಡಿದಳು. ಮರಿ ಹೊರಗೆ ಬಂದು ಅವಳ ಪಕ್ಕಕ್ಕೆ ಒರಗಿತು. ಅದರ ಮೈ ಬೆಚ್ಚಗಿತ್ತು. ಬೆಳ್ಳಿಗೆ ಅದು ಹಿತವಾಗಿತ್ತು. ತನಗೆ ಹಿತವಾಗುತ್ತಿದೆ ಎಂದು ತಿಳಿದು ಅವಳು ಅಲುಗಾಡದೆ ಕೂತಳು.

ಅಷ್ಟರಲ್ಲಿ ಕುಟ್ಟಪ್ಪ ಬಂದ. ನಾಲ್ಕಾರು ಮರ ಸುತ್ತಿ ಬಂದಿದ್ದ. ರೆಕ್ಕೆ ಜೋತುಬಿದ್ದಿತ್ತು.

"ಹೇಗಿದ್ದೀರಿ ಅಕ್ಕ?"

ಬೆಳ್ಳಿ ಅವನ ಮುಖವನ್ನು ಸರಿಯಾಗಿ ನೋಡಿದಳು. ಎಷ್ಟೋ ಕಾಲದ ಮೇಲೆ ಅವಳಿಗೆ ಇನ್ನೊಬ್ಬರ ಮುಖ ಕಾಣಿಸಿತ್ತು.

"ನನ್ನದಿರಲಿ. ನಿನಗೆ ಸುಸ್ತಾಗಿದೆ ಕುಟ್ಟಪ್ಪ. ಎಲ್ಲರದ್ದೂ ಕೇಳ್ತೀಯ, ನಿನ್ನದು ಯಾರು ಕೇಳ್ತಾರೆ?" ಎನ್ನುತ್ತಾ ಅವಳು ಪಕ್ಕಕ್ಕೆ ಸರಿದು ಜಾಗ ಮಾಡಿದಳು. "ಬಾ, ಕೂತ್ಕೋ. ಇವತ್ತು ನೀನು ಮಾತಾಡು, ನಾನು ಕೇಳ್ತೀನಿ."

ಕುಟ್ಟಪ್ಪ ಬಂದು ಕೂತ. ಜೋತುಬಿದ್ದ ರೆಕ್ಕೆಗಳನ್ನು ಮಡಚಿಕೊಂಡು, "ಹೌದಕ್ಕ. ತುಂಬಾ ಸುಸ್ತಾಗಿದೆ" ಎಂದ.

ನೀತಿ: ಮನಸ್ಸಿನ ಕಾಯಿಲೆಯೂ ಕಾಯಿಲೆಯೇ, ಅದನ್ನು ಮುಚ್ಚಿಡು ಎನ್ನುವವರ ಮಾತು ಕೇಳದೆ, ವಾಸಿ ಮಾಡಬಲ್ಲವರನ್ನು ನಾಚಿಕೆಪಡದೆ ಕರೆಯಬೇಕು.