ಹೊಸ ರ‍್ಯಾಮಿನ ಓಟ

ಮದುವೆ ವಿಡಿಯೊ ಎಡಿಟ್ ಮಾಡುವ ಗುಲಾಬಿಯ ಲ್ಯಾಪ್‌ಟಾಪಿನಲ್ಲಿ, ಪ್ರೊಸೆಸರಿಗೆ ಬೇಕಾದ ಚಿತ್ರಗಳನ್ನು ತಂದುಕೊಡುವ ಹಳೆಯ ರ‍್ಯಾಮಿನ ಪಕ್ಕ ಹೊಸದೊಂದು ಬಂದು ಕೂತಿತು. ಕೂತದ್ದೇ ತಡ, "ಈ ಮುದುಕನ ಹೆಜ್ಜೆಗೆ ಹೆಜ್ಜೆ ಹಾಕುವುದು ನನ್ನಿಂದಾಗದು. ಇವನನ್ನು ತೆಗೆಸಿ, ಆಮೇಲೆ ನನ್ನ ಓಟ ನೋಡಿ" ಎಂದು ಪ್ರೊಸೆಸರಿನ ಬಳಿ ಹಟ ಹಿಡಿಯಿತು. ಗುಲಾಬಿಗೂ ಹಾಗೇ ತೋರಿತು. ಹಳೆಯದನ್ನು ಬಿಚ್ಚಿ ಮೇಜಿನ ಮೇಲಿಟ್ಟಳು.

ಹೊಸದು ಶಕ್ತಿಮೀರಿ ಓಡಿತು. ಆದರೂ ತೆರೆಯ ಮೇಲೆ ಮದುಮಗನ ಕೈ ತಾಳಿ ಹಿಡಿದುಕೊಂಡು ಅರ್ಧಕ್ಕೇ ನಿಂತುಬಿಟ್ಟಿತು.

"ಓಡುತ್ತಲೇ ಇದ್ದೇನಲ್ಲ ಸ್ವಾಮಿ!" ಎಂದಿತು ಹೊಸದು.

"ಓಡುತ್ತಿದ್ದೀಯ. ಆದರೆ ಇಬ್ಬರು ಎರಡು ದಾರಿಯಲ್ಲಿ ತರಬಹುದಾಗಿದ್ದ ಚಿತ್ರಗಳನ್ನು ಒಬ್ಬನೇ ಒಂದು ದಾರಿಯಲ್ಲಿ ತರುತ್ತಿದ್ದೀಯ" ಎಂದಿತು ಪ್ರೊಸೆಸರ್.

ಗುಲಾಬಿ ಮತ್ತೆ ಸ್ಕ್ರೂಡ್ರೈವರ್ ಎತ್ತಿಕೊಂಡಳು. ಹಳೆಯದು ತನ್ನ ಜಾಗಕ್ಕೆ ಮರಳುತ್ತಲೇ ಹೊಸದು ಹೇಳಿತು: "ಅಜ್ಜಾ, ನೀವು ನಡೆದಂತೆಯೇ ನಾನೂ ನಡೆಯುತ್ತೇನೆ. ಬನ್ನಿ, ಮೊದಲು ಆ ತಾಳಿ ಕಟ್ಟಿಸೋಣ."