ದಡದ ದೀಪಕ್ಕೆ ಕಲ್ಲಿನ ಎಣ್ಣೆ

ಅಜ್ಜಿ ಹೇಳಿದ ಹಾಗೆ ಹೇಳೋಕೆ ನಿನ್ನಪ್ಪನಿಗೆ ಬರಲ್ಲ ಕುಸುಮಿ, ಬೇಜಾರು ಮಾಡ್ಕೋಬೇಡ. ಅಜ್ಜಿ ಇದ್ದಿದ್ರೆ ನಾನ್ಯಾಕೆ ಹೇಳ್ತಿದ್ದೆ? ನನಗೆ ಗೊತ್ತಿರೋದು ನಾನು ಕೆಲಸ ಮಾಡೋ ಎಣ್ಣೆಬಾವಿ ಮಾತ್ರ, ಅದನ್ನೇ ಕತೆ ಮಾಡ್ತೀನಿ. ವ್ಯಾನ್ ಬಂದ್ರೆ ಮತ್ತೆ ಒಂದು ತಿಂಗಳು ಅಲ್ಲೇ ಇರ್ಬೇಕಲ್ಲ, ಅದಕ್ಕೇ ಈಗಲೇ ಕೇಳು.

ಒಂದಾನೊಂದು ಕಾಲದಲ್ಲಿ, ಅಂದ್ರೆ ಮನುಷ್ಯರೇ ಇಲ್ಲದ ಕಾಲದಲ್ಲಿ, ಕಡಲಲ್ಲಿ ಕಣ್ಣಿಗೂ ಕಾಣದಷ್ಟು ಸಣ್ಣ ಜೀವಿಗಳು ಬಿಸಿಲು ತಿಂದುಕೊಂಡು ಇದ್ವಂತೆ. ಆಮೇಲೆ ಅವು ಸತ್ತು, ಕೆಸರಿಗೆ ಬಿದ್ದು, ಮೇಲೆ ಮಣ್ಣು ಕೂತು, ಒಳಗೇ ಬೆಂದು ಒಂದಿಷ್ಟು ಎಣ್ಣೆ, ಒಂದಿಷ್ಟು ಗ್ಯಾಸು ಆದ್ವಂತೆ. ಕೆರೆ ಥರ ನಿಂತಿರಲ್ಲ ಮತ್ತೆ, ರಸ್ಕಿನೊಳಗೆ ಚಾ ಇಳಿದ ಹಾಗೆ ಕಲ್ಲಿನ ಸಣ್ಣ ತೂತುಗಳಲ್ಲಿ. ಮೇಲೆ ಗ್ಯಾಸು, ನಡುವೆ ಎಣ್ಣೆ, ಅಡಿಯಲ್ಲಿ ಉಪ್ಪುನೀರು, ಎಲ್ಲಕ್ಕೂ ಗಟ್ಟಿ ಬಂಡೆಯ ಮುಚ್ಚಳ.

ಆಮೇಲೆ ಎಷ್ಟೋ ಕಾಲ ಕಳೆದು, ಆ ಬಂಡೆಯ ಮೇಲೆ, ಕಡಲ ದಡದಲ್ಲಿ, ಒಬ್ಬ ತಾಯಿ ಮೂರು ಗಂಡುಮಕ್ಕಳ ಜೊತೆ ಇದ್ಳಂತೆ. ದೋಣಿ ತಗೊಂಡು ಹೋದ ಗಂಡ ಬಂದೇ ಇರಲಿಲ್ಲ. ಅವನಿಗೆ ದಡ ಕಾಣಲಿ ಅಂತ ದಿನಾ ದೀಪ ಇಡ್ತಿದ್ಳು. ಒಂದು ದಿನ ಎಣ್ಣೆ ತೀರಿತು. ಮಕ್ಕಳು ನೆಲ ಅಗೆದರಂತೆ. ದೊಡ್ಡವನು ತಗ್ಗಲ್ಲಿ ಅಗೆದ, ಉಪ್ಪುನೀರು ಬಂತು. ನಡುವಿನವನು ದಿಬ್ಬದ ನೆತ್ತಿಯಲ್ಲಿ ಅಗೆದ, ಗ್ಯಾಸು ಬುಸ್ ಅಂತ ಬಂತು, ಬೆಂಕಿ ತಾಗಿಸಿದ, ಊರೆಲ್ಲ ಹಗಲಾಯ್ತು. ಅಮ್ಮಾ, ಅಪ್ಪ ಇದನ್ನ ನೋಡದೇ ಇರ್ತಾನಾ ಅಂತ ಕುಣಿದ. ಅದು ಉರಿದು ಉರಿದು ಆರಿತು. ಆಮೇಲೆ ಕಿರಿಯವನು ದಿಬ್ಬದ ಇಳಿಜಾರಲ್ಲಿ ಅಗೆದ, ಎಣ್ಣೆ ಸಿಕ್ಕಿತು, ಆದ್ರೆ ಮೇಲೆ ಏರಲಿಲ್ಲ. ಯಾಕೆ ಅಂದ್ರೆ, ಎಣ್ಣೆಯನ್ನ ಒತ್ತಿ ಮೇಲಕ್ಕೆ ಕಳಿಸೋದೇ ಆ ಗ್ಯಾಸು. ತಳ್ಳೋನನ್ನೇ ಸುಟ್ಟುಬಿಟ್ಟೆಯಲ್ಲೋ ಅಂತ ಕಿರಿಯವನು ಬೈದ, ನಡುವಿನವನು ಊಟ ಬಿಟ್ಟು ಕೂತ. ತಾಯಿ ದೀಪವಿಲ್ಲದ ದಡದಲ್ಲಿ ಕತ್ತಲನ್ನೇ ನೋಡ್ತಾ ಕೂತಿದ್ಳಂತೆ.

ಆಮೇಲೆ ಅವಳಿಗೇ ಹೊಳೀತು. ಎಣ್ಣೆ ಕಮ್ಮಿ ಇದ್ದಾಗ ದೀಪದ ಲೋಟಕ್ಕೆ ಅಡಿಯಲ್ಲಿ ನೀರು ಹಾಕಿ, ಮೇಲೆ ಎಣ್ಣೆ ಬಿಡ್ತಾರಲ್ಲ, ಅಜ್ಜಿನೂ ಹಾಗೇ ಮಾಡ್ತಿದ್ಳು, ನೋಡಿದ್ದೀಯಲ್ಲ? ದೊಡ್ಡವನ ಬಾವಿಗೆ ಕಡಲ ನೀರು ಹುಯ್ಯಿರೋ ಅಂದ್ಳು. ಮೂವರೂ ಸೇರಿ ಹುಯ್ದರು. ನೀರು ಅಡಿಯಿಂದ ಎತ್ತಿತು, ಕಿರಿಯವನ ಬಾವಿಯಲ್ಲಿ ಎಣ್ಣೆ ಏರಿತು, ದೀಪ ಹತ್ತಿತು. ಆ ಜೀವಿಗಳು ತಿಂದಿದ್ವಲ್ಲ, ಆ ಹಳೇ ಬಿಸಿಲೇ ಬೆಳಕಾಯ್ತು. ದಾರಿ ತಪ್ಪಿದ್ದ ದೋಣಿಗಳೆಲ್ಲ ದಡ ಸೇರಿದವಂತೆ.

ಅವರಪ್ಪನ ದೋಣಿನಾ? ಅದು, ಹೇಗೆ ಹೇಳಲಿ. ಎಷ್ಟು ನೀರು ಹುಯ್ದರೂ ಎಣ್ಣೆಯೆಲ್ಲ ಮೇಲೆ ಬರಲ್ಲ ಕೂಸೇ. ಒಂದಿಷ್ಟು ಕೆಳಗೇ ಉಳಿಯುತ್ತೆ. ಯಾಕೆ ಅಂದ್ರೆ... ಹಾಂ, ಬಂದೆ ಬಂದೆ, ಹಾರ್ನ್ ಹೊಡೀಬೇಡ್ವೋ ಮಾರಾಯ, ಮಗು ಮಲಗ್ತಿದೆ... ಯಾಕೆ ಅಂದ್ರೆ, ಕಲ್ಲು ಅದನ್ನ ಹಿಡ್ಕೊಂಡಿರುತ್ತೆ, ನೀನೀಗ ನನ್ನ ಅಂಗಿ ಹಿಡ್ಕೊಂಡಿದ್ದೀಯಲ್ಲ, ಹಾಗೆ. ಬಿಡು ಮಗಾ. ಬಿಟ್ರೆ ತಾನೇ ಹೋಗಿ ಬರೋದು, ಬಿಟ್ರೆ ತಾನೇ...